ಸಾವು-ಕೇಡಿನ ತಮಾಷೆ ವಾಕ್ಯಗಳಿಂದ ಇಂಗ್ಲಿಷ್ ಪದ, ನುಡಿಗಟ್ಟು ಕಲಿಯಬಹುದೇ?

ನೀವು ಕೇಳಿದ್ದು ಇಷ್ಟು: ಪಿಯುಸಿವರೆಗೆ ಕನ್ನಡ ಮಾಧ್ಯಮ, ದಿನಕ್ಕೆ ಇಪ್ಪತ್ತು ಪದ ಉರು ಹೊಡೆದರೂ ವಾರದೊಳಗೆ ಮರೆತುಹೋಗುತ್ತಿದೆ. ಸಾವು-ಕೇಡು ಸೇರಿಸಿ ನಗು ಬರುವ ಹಾಗೆ ವಾಕ್ಯ ಮಾಡಿಕೊಂಡರೆ ನೆನಪಿರುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು, ನಿಜವೇ?

ನಿಜ. ಮಡಿಕೇರಿಯಲ್ಲಿ ಹನ್ನೆರಡು ವರ್ಷದಿಂದ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ತೋಟದ ಕೂಲಿಕಾರರ ಸಾಲುಮನೆ, ಅಂದರೆ ಲೈನ್‌ಮನೆಯ ಮಕ್ಕಳು, ಹೋಂಸ್ಟೇಗಳಲ್ಲಿ ಕೆಲಸ ಮಾಡುವವರು ಬರುತ್ತಾರೆ. 'ರಿಲಕ್ಟಂಟ್' ಅನ್ನುವ ಪದವನ್ನು ಒಂದು ತಂಡಕ್ಕೆ ನಾಲ್ಕು ಸಲ ಹೇಳಿಕೊಟ್ಟಿದ್ದೆ. ಮನಸ್ಸಿಲ್ಲದ, ಹಿಂಜರಿಯುವ ಅಂತ ಬರೆದುಕೊಳ್ಳುತ್ತಿದ್ದರು, ಮರೆಯುತ್ತಿದ್ದರು. ಐದನೇ ಸಲ ಸೆಪ್ಟೆಂಬರ್ ಮೊದಲ ವಾರ, ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಹಿಂದಿನ ದಿನ, ಬೋರ್ಡಿನ ಮೇಲೆ ಬರೆದೆ: 'ದಿ ಪಿಗ್ ವಾಸ್ ರಿಲಕ್ಟಂಟ್ ಟು ಕಮ್ ಫಾರ್ ಕೈಲ್ ಮುಹೂರ್ತ.' ಆ ಹಬ್ಬಕ್ಕೆ ಕಡಂಬುಟ್ಟಿನ (ಅಕ್ಕಿ ಕಡುಬಿನ) ಜೊತೆ ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಆಗಲೇಬೇಕು ಅಂತ ಕೊಡಗಿನವರಿಗೆ ಯಾರೂ ಹೇಳಬೇಕಾಗಿಲ್ಲ. ಹಿಂದಿನ ಬೆಂಚಿನಿಂದ ನಗು ಶುರುವಾಯಿತು. ಆಮೇಲೆ ಆ ಪದವನ್ನು ನಾನು ಯಾರಿಗೂ ಮತ್ತೆ ಹೇಳಿಕೊಡಲಿಲ್ಲ.

ಅಲ್ಲಿ ಕೆಲಸ ಮಾಡಿದ್ದು ಬರೀ ಸಾವಲ್ಲ, ಇದನ್ನು ದಯವಿಟ್ಟು ಗಮನಿಸಿ. ಹಂದಿ ಕಾಲು ಹಿಂದೆಳೆಯುವುದೇ ಪದದ ಅರ್ಥ. ಚಿತ್ರ ಕಂಡರೆ ಅರ್ಥ ಕಂಡ ಹಾಗೆ. ತುಂಬಾ ಜನ ಇಲ್ಲೇ ಎಡವುತ್ತಾರೆ, ಪದ ಒಂದು ಕಡೆ, ಹೆಣ ಇನ್ನೊಂದು ಕಡೆ ಇಡುತ್ತಾರೆ. ನಗು ನೆನಪಿರುತ್ತದೆ, ಪದ ಹೋಗುತ್ತದೆ. ಪರೀಕ್ಷೆ ಮಾಡುವುದು ಸುಲಭ. ಪದದ ಮೇಲೆ ಬೆರಳಿಟ್ಟು ಮುಚ್ಚಿ, ಪಕ್ಕದವರಿಗೆ ಉಳಿದದ್ದನ್ನು ಓದಲು ಹೇಳಿ. ಮುಚ್ಚಿದ ಜಾಗದಲ್ಲಿ ಏನಿರಬಹುದು ಅಂತ ಅವರು ಕನ್ನಡದಲ್ಲಾದರೂ ಊಹಿಸಿದರೆ ವಾಕ್ಯ ಗಟ್ಟಿಯಾಗಿದೆ. ಇಲ್ಲದಿದ್ದರೆ ಹರಿದುಹಾಕಿ ಬೇರೆ ಬರೆಯಿರಿ.

ಈ ಉಪಾಯ ಹೊಸದೇನೂ ಅಲ್ಲ. 2000 ವರ್ಷಕ್ಕೂ ಹಿಂದಿನ 'ರೆಟೊರಿಕಾ ಆಡ್ ಹೆರೆನ್ನಿಯಂ' ಎಂಬ ಲ್ಯಾಟಿನ್ ಕೈಪಿಡಿಯಲ್ಲಿ ಇದೇ ಮಾತಿದೆ. ದಿನನಿತ್ಯದ ಸಾಮಾನ್ಯ ಸಂಗತಿ ಮರೆತುಹೋಗುತ್ತದೆ, ಆದ್ದರಿಂದ ನೆನಪಿಡಬೇಕಾದ ಚಿತ್ರಕ್ಕೆ ರಕ್ತವನ್ನೋ ಕೆಸರನ್ನೋ ಬಳಿಯಿರಿ, ಇಲ್ಲವೇ ನಗು ಬರಿಸುವಂತೆ ಮಾಡಿ ಅನ್ನುತ್ತದೆ.

ಒಂದೇ ಪದಕ್ಕೆ ಎರಡು ಅರ್ಥವಿದ್ದಾಗಲಂತೂ ಇದು ತುಂಬಾ ಒದಗುತ್ತದೆ. ಬಸ್ಸು ಲೇಟ್ ಅನ್ನುತ್ತೇವೆ, ಮದುವೆ ಕಾಗದದಲ್ಲಿ 'ಲೇಟ್ ಇಂಥವರ ಮಗ' ಅಂತಲೂ ಅಚ್ಚು ಹಾಕಿಸುತ್ತೇವೆ. ತೋಟದಲ್ಲಿ ಹಾಜರಿ, ಕೂಲಿ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ರೈಟರ್ ಅಂತ ಕರೆಯುತ್ತಾರೆ. ಲೈನ್‌ಮನೆಯ ಹುಡುಗನೊಬ್ಬ ಬರೆದ: 'ದಿ ಲೇಟ್ ರೈಟರ್ ವಾಸ್ ನೆವರ್ ಲೇಟ್.' ನಾಲ್ಕಾರು ಪದದಲ್ಲಿ ಎರಡು ಅರ್ಥ, ಬೆಳಗಿನ ಹಾಜರಿಯ ಗಡಿಬಿಡಿ, ಒಬ್ಬ ಮನುಷ್ಯ! ಇಷ್ಟು ಒಳ್ಳೆಯ ವಾಕ್ಯ ನನ್ನಿಂದ ಬಂದಿರಲಿಲ್ಲ.

ನುಡಿಗಟ್ಟಿಗೆ ಬಂದರೆ ಇನ್ನೊಂದು ಎಚ್ಚರ ಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ತಾತ ತೀರಿಕೊಂಡಾಗ ಮ್ಯಾನೇಜರ್‌ಗೆ 'ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದಿ ಬಕೆಟ್' ಅಂತ ರಜೆಗೆ ಬರೆದ. ತಾತ ಗೊಟಕ್ ಅಂದರು, ಮೂರು ದಿನ ರಜೆ ಬೇಕು ಅಂದ ಹಾಗಾಯಿತು. ತಾತನನ್ನು ಪ್ರಾಣದಂತೆ ಪ್ರೀತಿಸಿದ ಹುಡುಗ. ಪದ ಕಲಿಸಿ ಅದರ ಜಾಗ ಕಲಿಸದೇ ಇದ್ದದ್ದು ನನ್ನ ತಪ್ಪು. ಅಂದಿನಿಂದ ಪ್ರತಿ ನುಡಿಗಟ್ಟಿನ ಪಕ್ಕ ಅಷ್ಟೇ ಮರ್ಯಾದೆಯ ಕನ್ನಡ ಮಾತು ಬರೆಸುತ್ತೇನೆ. 'ಪಾಸ್ಡ್ ಅವೇ' ಅಂದರೆ ತೀರಿಕೊಂಡರು. 'ಕಿಕ್ಡ್ ದಿ ಬಕೆಟ್' ಅಂದರೆ ಗೊಟಕ್ ಅಂದ, ನೆಗೆದುಬಿದ್ದು ಹೋದ. 'ಬಿಟ್ ದಿ ಡಸ್ಟ್' ಅಂದರೆ ಮಣ್ಣುಮುಕ್ಕಿದ. ಅರ್ಥದ ಜೊತೆಗೆ ಯಾರ ಮುಂದೆ ಆಡಬಾರದು ಅನ್ನುವುದೂ ತಿಳಿಯುತ್ತದೆ.

ಅಂದ ಹಾಗೆ ಈ ಬಕೆಟ್ ನೀರು ತುಂಬುವ ಬಕೆಟ್ಟೇ ಆಗಬೇಕಿಲ್ಲ. ಕೊಂದ ಹಂದಿಯನ್ನು ನೇತುಹಾಕುವ ತೊಲೆಗೂ ಇಂಗ್ಲೆಂಡಿನ ಕೆಲವು ಕಡೆ ಆ ಹೆಸರಿತ್ತು, ಪ್ರಾಣ ಹೋಗುವಾಗ ಒದ್ದಾಡುವ ಹಂದಿಯ ಕಾಲು ಅದಕ್ಕೆ ಬಡಿಯುತ್ತಿದ್ದದ್ದೇ ಮೂಲ ಅಂತ ಒಂದು ವಿವರಣೆ. ಫ್ರಾನ್ಸಿಸ್ ಗ್ರೋಸ್ 1785ರಲ್ಲೇ ತನ್ನ ಬೀದಿಮಾತಿನ ನಿಘಂಟಿನಲ್ಲಿ ಈ ನುಡಿಗಟ್ಟನ್ನು ಸೇರಿಸಿದ್ದ. ಕೆಲವು ಪದಗಳಿಗೆ ನಾವು ಕಥೆ ಕಟ್ಟಬೇಕಾಗಿಯೂ ಇಲ್ಲ. ಗಡುವು ಅನ್ನುವುದಕ್ಕೆ ಬಳಸುವ 'ಡೆಡ್‌ಲೈನ್' ನೋಡಿ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಸೆರೆಶಿಬಿರದ ಗೋಡೆಯ ಒಳಗೆ ಮರದ ಅಡ್ಡಪಟ್ಟಿ ಹೊಡೆದಿದ್ದರು. ದಾಟಿದ ಕೈದಿಗೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ಆ ಪಟ್ಟಿಯೇ ಡೆಡ್‌ಲೈನ್. ಇದನ್ನು ಕೇಳಿದ ದಿನ ತರಗತಿಯಲ್ಲಿ ಯಾರೂ ನಗಲಿಲ್ಲ, ಮರೆಯಲೂ ಇಲ್ಲ.

ಯಾರ ಸಾವನ್ನು ಬಳಸುತ್ತೀರಿ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಮುಂದಿನ ಮಳೆಗಾಲದಲ್ಲಿ 'ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್' ಹೇಳಿಕೊಡುತ್ತಾ, ಮೊದಲು ಸೇತುವೆ, ಆಮೇಲೆ ದನದ ಕೊಟ್ಟಿಗೆ, ಕೊನೆಗೆ ಯಜಮಾನನೂ ಕೊಚ್ಚಿಹೋದ ಅಂತ ಒಂದು ವಾಕ್ಯ ಬರೆದೆ. ಬರಗಾಲದಲ್ಲಿ ಅಧಿಕಮಾಸ ಅಂತ ಹೇಳಿದ್ದರೆ ಸಾಕಿತ್ತು. ಮುಂದಿನ ಬೆಂಚಿನ ಹುಡುಗಿ ಪೆನ್ನಿನ ಮುಚ್ಚಳ ಹಾಕಿ ಕೈಕಟ್ಟಿ ಕೂತಳು. ಅವಳ ಮನೆ ಆ ಗುಡ್ಡದ ಕೆಳಗಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ನಮ್ಮ ವಾಕ್ಯಗಳಲ್ಲಿ ಸಾಯುವುದು ಹಂದಿ, ಹುಂಜ, ಇಲ್ಲವೇ ಊರಲ್ಲಿಲ್ಲದ ಹೆಸರಿನ ಮನುಷ್ಯ. ನಡೆದ ಸಾವನ್ನು ಅದನ್ನು ಅನುಭವಿಸಿದವರು ಬಿಟ್ಟು ಬೇರೆಯವರು ಮುಟ್ಟುವ ಹಾಗಿಲ್ಲ.

ಎರಡು ವರ್ಷದ ಮೇಲೆ ಆ ಹುಡುಗಿಯೇ 'ಶಿಫ್ಟ್' ಪದಕ್ಕೆ ವಾಕ್ಯ ಬರೆದು ತೋರಿಸಿದಳು: 'ವಿ ವರ್ ಪ್ಲಾನಿಂಗ್ ಟು ಶಿಫ್ಟ್. ದಿ ಹೌಸ್ ಶಿಫ್ಟೆಡ್ ಫಸ್ಟ್.' ತಿದ್ದುವುದಕ್ಕೆ ಏನೂ ಇರಲಿಲ್ಲ. ಇಲ್ಲಿ ಹಾಕಬಹುದೇ ಅಂತ ಅವಳನ್ನು ಕೇಳಿಯೇ ಹಾಕಿದ್ದೇನೆ.

ನೀವು ದಿನಕ್ಕೆ ಇಪ್ಪತ್ತು ಬಿಟ್ಟು ಮೂರೇ ಪದ ತೆಗೆದುಕೊಳ್ಳಿ. ವಾಕ್ಯ ನಿಮ್ಮದೇ ಇರಲಿ, ನಿಮ್ಮ ಊರಿನದೇ ಇರಲಿ. ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ನೋಡದೆ ಹೇಳಿಕೊಳ್ಳಿ. ಮೊದಲ ವಾರದ್ದನ್ನು ಕೆಳಗೆ ಬರೆದರೆ ಓದಿ ತಿದ್ದಿಕೊಡುತ್ತೇನೆ.