ಅಮೆರಿಕದ ಸೆನೆಟ್‌ನಲ್ಲಿ ಗುಡುಗಿದ ಜಾರ್ಜ್ ಗ್ಯಾಲೋವೇ ಟಿವಿಯಲ್ಲಿ ಬೆಕ್ಕಾಗಿದ್ದು ಯಾಕೆ? ಆಸಾಮಿ ಎಂಥವರು?

ಎರಡು ವಿಡಿಯೊಗಳನ್ನು ಒಂದರ ಹಿಂದೊಂದು ನೋಡಿ ತಲೆ ಕೆಟ್ಟು ಈ ಪ್ರಶ್ನೆ ಹಾಕಿದ್ದೀರಿ ಅನ್ನಿಸುತ್ತೆ. ಒಂದರಲ್ಲಿ ಸೂಟು ತೊಟ್ಟ ಮನುಷ್ಯ ಅಮೆರಿಕದ ಸೆನೆಟರ್‌ಗಳ ಬೆವರಿಳಿಸುತ್ತಾರೆ. ಇನ್ನೊಂದರಲ್ಲಿ ಮಂಡಿಯೂರಿ ಒಬ್ಬ ನಟಿಯ ಬೊಗಸೆಯಿಂದ ಇಲ್ಲದ ಹಾಲು ನೆಕ್ಕುತ್ತಾರೆ. ಇಬ್ಬರೂ ಒಬ್ಬರೇನಾ ಅಂತ ಕೇಳಿದ್ದೀರಿ. ಒಬ್ಬರೇ, ಬ್ರಿಟನ್ನಿನ ರಾಜಕಾರಣಿ ಜಾರ್ಜ್ ಗ್ಯಾಲೋವೇ. ಎರಡರ ನಡುವೆ ಎಂಟೇ ತಿಂಗಳ ಅಂತರ.

ಉತ್ತರ ಕೊಡೋಕೆ ನನಗೇನು ಅರ್ಹತೆ ಅಂದರೆ, 2012ರಲ್ಲಿ ನಾನು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬ್ರಾಡ್‌ಫರ್ಡ್ ನಗರದಲ್ಲಿ ಓದುತ್ತಿದ್ದೆ, ಅವರು ಗೆದ್ದ ಉಪಚುನಾವಣೆಯಲ್ಲಿ ನನಗೂ ಒಂದು ಓಟಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಓಟು ಹಾಕಬಹುದು ಅಂತ ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಕಾಮನ್‌ವೆಲ್ತ್ ದೇಶದವರು ವೀಸಾ ಮೇಲೆ ಅಲ್ಲಿ ವಾಸವಿದ್ದರೆ ಸಾಕು, ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಯಾರಿಗೆ ಹಾಕಿದೆ ಅಂತ ಮಾತ್ರ ಕೇಳಬೇಡಿ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1954ರಲ್ಲಿ, ಸ್ಕಾಟ್ಲೆಂಡಿನ ಡಂಡೀಯಲ್ಲಿ. ಲೇಬರ್ ಪಕ್ಷದಿಂದ 1987ರಲ್ಲಿ ಗ್ಲಾಸ್ಗೋದ ಹಿಲ್‌ಹೆಡ್‌ನಲ್ಲಿ ಗೆದ್ದಾಗ ಸೋಲಿಸಿದ್ದು ಸಾಮಾನ್ಯರನ್ನಲ್ಲ, ಹಿಂದೆ ಗೃಹ ಮಂತ್ರಿ, ಹಣಕಾಸು ಮಂತ್ರಿ ಎರಡೂ ಆಗಿದ್ದ ರಾಯ್ ಜೆಂಕಿನ್ಸ್ ಅವರನ್ನು. 1994ರಲ್ಲಿ ಬಾಗ್ದಾದಿನಲ್ಲಿ ಸದ್ದಾಂ ಹುಸೇನ್ ಎದುರು ನಿಂತು, ನಿಮ್ಮ ಧೈರ್ಯಕ್ಕೆ, ಶಕ್ತಿಗೆ, ದಣಿವರಿಯದ ಛಲಕ್ಕೆ ವಂದನೆ ಅಂದರು. ಕ್ಯಾಮೆರಾ ಓಡುತ್ತಿತ್ತು. ನಾನು ವಂದಿಸಿದ್ದು ಇರಾಕಿನ ಜನರಿಗೆ ಅಂತ ಆಮೇಲೆ ಎಷ್ಟು ಹೇಳಿದರೂ ಆ ಮಾತು ಅವರ ಬೆನ್ನು ಬಿಟ್ಟಿಲ್ಲ. 2003ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ತಮ್ಮದೇ ಪಕ್ಷದ ಪ್ರಧಾನಿ ಬ್ಲೇರ್ ತೋಳಗಳ ಹಾಗೆ ಇರಾಕಿನ ಮೇಲೆ ಬಿದ್ದರು ಅಂತ ಅರಬ್ ಟಿವಿಯೊಂದರಲ್ಲಿ ಹೇಳಿದರು. ಅದೇ ವರ್ಷ ಪಕ್ಷ ಹೊರಗೆ ಹಾಕಿತು.

ಹೊರಗೆ ಹೋದವರು ಸುಮ್ಮನಿರಲಿಲ್ಲ. 2005ರಲ್ಲಿ ರೆಸ್ಪೆಕ್ಟ್ ಎಂಬ ಹೊಸ ಪಕ್ಷದಿಂದ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ನಿಂತು, ಯುದ್ಧದ ಪರ ಇದ್ದ ಲೇಬರ್ ಸಂಸದೆ ಊನಾ ಕಿಂಗ್ ಅವರನ್ನು 823 ಓಟಿನಿಂದ ಸೋಲಿಸಿದರು. ಫಲಿತಾಂಶದ ರಾತ್ರಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್, ಸಂಸತ್ತಿನಲ್ಲಿದ್ದ ಕೆಲವೇ ಕಪ್ಪು ಮಹಿಳೆಯರಲ್ಲಿ ಒಬ್ಬರನ್ನು ಹೊರಹಾಕಿದ್ದಕ್ಕೆ ಹೆಮ್ಮೆಯಾ ಅಂತ ಮತ್ತೆ ಮತ್ತೆ ಕೆಣಕಿದಾಗ, ಗೆದ್ದವರು ಸಂದರ್ಶನವನ್ನು ಅರ್ಧಕ್ಕೇ ಮುಗಿಸಿದರು.

ಹನ್ನೆರಡು ದಿನಕ್ಕೆ ವಾಷಿಂಗ್ಟನ್. ಸದ್ದಾಂ ಕಡೆಯಿಂದ ಅಗ್ಗದ ತೈಲದ ಪಾಲು ಪಡೆದಿದ್ದಾರೆ ಅಂತ ಸೆನೆಟ್‌ನ ಉಪಸಮಿತಿಯೊಂದು ಆರೋಪಿಸಿತ್ತು. ಬ್ರಿಟಿಷ್ ಸಂಸದ ಅಲ್ಲಿಗೆ ಹೋಗಲೇಬೇಕೆಂಬ ಕಾನೂನಿಲ್ಲ. ಇವರು ತಾವಾಗಿಯೇ ಹೋದರು. ಇಂಥ ವಿಚಾರಣೆಗೆ ಬರುವವರು ಮಗ್ಗುಲಲ್ಲಿ ವಕೀಲರನ್ನು ಕೂರಿಸಿಕೊಂಡು, ಅಳೆದು ತೂಗಿ ಬಾಯಿ ಬಿಡುತ್ತಾರೆ. ಇವರು ಬಾಯಿ ತೆರೆದದ್ದೇ, ನಾನು ಈಗಲೂ ತೈಲ ವ್ಯಾಪಾರಿ ಅಲ್ಲ, ಹಿಂದೆಯೂ ಆಗಿರಲಿಲ್ಲ ಅಂತ. ಸದ್ದಾಂನನ್ನು ಹಲವು ಸಲ ಭೇಟಿಯಾಗಿದ್ದಾರೆ ಅನ್ನೋ ಆರೋಪಕ್ಕೆ ಉತ್ತರ: ಅಮೆರಿಕದ ಆಗಿನ ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಎಷ್ಟು ಸಲವೋ ಅಷ್ಟೇ ಸಲ, ವ್ಯತ್ಯಾಸ ಅಂದರೆ ಅವರು ಹೋಗಿದ್ದು ಬಂದೂಕು ಮಾರೋಕೆ. ಅಧ್ಯಕ್ಷ ಸ್ಥಾನದಲ್ಲಿದ್ದ ನಾರ್ಮ್ ಕೋಲ್ಮನ್ ಮುಖ ನೋಡಿ, ಈ ಪಾಠ ಸಿಲಬಸ್‌ನಲ್ಲೇ ಇರಲಿಲ್ಲವಲ್ಲ ಅನ್ನೋ ಹಾಗಿದೆ.

ಆದರೆ ನೀವು ನೋಡಿದ ತುಣುಕಿನಲ್ಲಿ ಒಂದು ಭಾಗ ಇರಲಿಕ್ಕಿಲ್ಲ. ಇನ್ನೊಬ್ಬ ಸೆನೆಟರ್ ಕಾರ್ಲ್ ಲೆವಿನ್ ಕೂಗಾಡದೆ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಾರೆ: ನಿಮ್ಮ ದತ್ತಿ ಅಭಿಯಾನಕ್ಕೆ ಹಣ ಕೊಟ್ಟ ನಿಮ್ಮ ವ್ಯಾಪಾರಿ ಮಿತ್ರ ಸದ್ದಾಂ ಸರ್ಕಾರಕ್ಕೆ ಕಮಿಷನ್ ಕೊಟ್ಟಿದ್ದರೆ ನಿಮಗೆ ಬೇಸರ ಆಗುತ್ತಾ, ಇಲ್ಲವಾ? ನೇರ ಉತ್ತರ ಬರೋದಿಲ್ಲ. ಗುಡುಗು ಜೋರಿದ್ದ ಕಡೆ ಮಳೆ ಬಿತ್ತಾ ಅಂತ ಯಾರೂ ನೋಡೋಲ್ಲ. 2007ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಇದೇ ವಿಷಯ ಕೆದಕಿ, ಅವರ ದತ್ತಿ ಅಭಿಯಾನಕ್ಕೆ ಇರಾಕಿನ ತೈಲದ ದಾರಿಯಿಂದ ಹಣ ಬಂದಿತ್ತು, ಅವರು ತನಿಖೆಗೆ ಸರಿಯಾಗಿ ಸಹಕರಿಸಲಿಲ್ಲ ಎಂದಿತು. 18 ದಿನ ಅಮಾನತಾದರು. ವೈಯಕ್ತಿಕವಾಗಿ ಜೇಬಿಗೆ ಹಾಕಿಕೊಂಡರು ಅಂತ ಮಾತ್ರ ಆ ಸಮಿತಿಯೂ ಹೇಳಲಿಲ್ಲ. ಸದ್ದಾಂನಿಂದ ಹಣ ಪಡೆದರು ಅಂತ ಬರೆದಿದ್ದ ಡೈಲಿ ಟೆಲಿಗ್ರಾಫ್ ಪತ್ರಿಕೆ ಮೇಲೆ ಮಾನನಷ್ಟ ಹೂಡಿ 1,50,000 ಪೌಂಡ್ ಪರಿಹಾರವನ್ನೂ ಗೆದ್ದಿದ್ದಾರೆ. ಒಂದೇ ಬಣ್ಣ ಬಳಿಯೋಕೆ ಆಗದ ಮನುಷ್ಯ.

ಇನ್ನು ಬೆಕ್ಕು. 2006ರ ಜನವರಿ, ಸೆಲೆಬ್ರಿಟಿ ಬಿಗ್ ಬ್ರದರ್. ನಮ್ಮ ಬಿಗ್ ಬಾಸ್‌ಗೆ ಮೂಲವಾದ ಷೋದ ಬ್ರಿಟಿಷ್ ಸೆಲೆಬ್ರಿಟಿ ಆವೃತ್ತಿ, ಅದೇ ಮನೆ, ಅದೇ ಟಾಸ್ಕು. ಹಾಲಿ ಸಂಸದರೊಬ್ಬರು ಒಳಗೆ ಹೋಗಿ ಕೂತರು. ಕಾರಣವನ್ನೂ ಕೊಟ್ಟರು: ರಾಜಕೀಯ ನೋಡದ ಯುವಕರಿಗೆ ಇರಾಕ್, ಪ್ಯಾಲೆಸ್ಟೈನ್ ವಿಷಯ ಮುಟ್ಟಿಸಬೇಕು, ಜತೆಗೆ ಪ್ಯಾಲೆಸ್ಟೈನಿಯರಿಗೆ ನೆರವಾಗುವ ದತ್ತಿ ಸಂಸ್ಥೆಯೊಂದಕ್ಕೆ ಹಣ ಎತ್ತಬೇಕು ಅಂತ. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಏನು ತೋರಿಸಬೇಕು ಅಂತ ತೀರ್ಮಾನಿಸುವುದು ಎಡಿಟಿಂಗ್ ಟೇಬಲ್ಲು. ರಾಜಕೀಯದ ಮಾತು ಹೆಚ್ಚಾಗಿ ಕತ್ತರಿಗೆ ಹೋಯಿತು, ಉಳಿದದ್ದು ನಟಿ ರೂಲಾ ಲೆನ್ಸ್ಕಾ ಅವರ ಬೊಗಸೆ ಮತ್ತು ಬಿಗಿಯಾದ ಕೆಂಪು ಉಡುಪಿನ ಕುಣಿತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗಲ್ಲವಾ ಅಂತಾರಲ್ಲ, ಇಲ್ಲಿ ಬೆಕ್ಕಿಗೆ ಲೋಕ ನೋಡುತ್ತಿದೆ ಅಂತ ಗೊತ್ತಿತ್ತು, ನೋಡಲಿ ಅಂತಲೇ ಕುಡಿಯಿತು.

ನನ್ನ ಪ್ರಕಾರ ನಿಮ್ಮ 'ಯಾಕೆ'ಗೆ ಉತ್ತರ ಅಲ್ಲೇ ಇದೆ. ಈ ಮನುಷ್ಯನಿಗೆ ಸಂಸತ್ತೂ ಒಂದು ಸ್ಟುಡಿಯೊ. ಸೆನೆಟ್, ಬಿಗ್ ಬ್ರದರ್ ಮನೆ, ಲಂಡನ್ನಿನ ಟಾಕ್ ರೇಡಿಯೊ, ಆಮೇಲೆ ಇರಾನ್ ಸರ್ಕಾರದ ಪ್ರೆಸ್ ಟಿವಿ, ರಷ್ಯಾ ಸರ್ಕಾರದ ಆರ್‌ಟಿ ವಾಹಿನಿ, ಮೈಕ್ ಎಲ್ಲಿ ಆನ್ ಇದೆಯೋ ಅಲ್ಲಿ ಅವರು. ಮೈಕಿನ ವೈರು ಯಾರ ಖಜಾನೆಗೆ ಹೋಗುತ್ತೆ ಅಂತ ಹೆಚ್ಚು ಯೋಚಿಸಿದ ಹಾಗೆ ಕಾಣೋದಿಲ್ಲ. ಇರಾಕ್ ಯುದ್ಧದ ಬಗ್ಗೆ ಅವರು ಹೇಳಿದ್ದೇ ನಿಜವಾಯಿತು ಅಂತ ಒಪ್ಪುವ ನನ್ನಂಥವರಿಗೂ ಇದು ಗಂಟಲಲ್ಲಿ ಇಳಿಯಲ್ಲ.

ಬ್ರಾಡ್‌ಫರ್ಡ್‌ಗೆ ಬರುತ್ತೇನೆ. ನಾನಿದ್ದ ಮನೆಯ ಮಾಲೀಕರು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಮೂಲದವರು, ಆ ಊರಿನ ಪಾಕಿಸ್ತಾನಿಗಳಲ್ಲಿ ಬಹುಪಾಲು ಆ ಕಡೆಯವರೇ. ಅಲ್ಲಿ 'ಬಿರಾದರಿ' ಅಂತ ಒಂದಿದೆ. ನಮ್ಮಲ್ಲಿ ಜಾತಿಯ ಮುಖಂಡರು ಇಂಥವರಿಗೆ ಒತ್ತಿ ಅಂತ ಹೇಳಿದರೆ ಇಡೀ ಬೀದಿ ಒತ್ತುತ್ತಲ್ಲ, ಅದೇ, ಯಾರ್ಕ್‌ಷೈರ್ ಚಳಿಯಲ್ಲಿ. ಲೇಬರ್‌ನ ಗೆಲುವು ಅದರ ಮೇಲೆ ನಿಂತಿತ್ತು. ಮಾರ್ಚಿನ ಒಂದು ಸಂಜೆ ಅಡುಗೆಮನೆಯಲ್ಲಿ ಮಾಲೀಕರ ಹತ್ತೊಂಬತ್ತರ ಮಗ ಅಪ್ಪನ ಮೇಲೆ ಎಗರಿದ್ದು ನೆನಪಿದೆ. "ನೀವು ನಾಲ್ಕು ಜನ ಚಾ ಕುಡೀತಾ ತೀರ್ಮಾನ ಮಾಡ್ತೀರಿ, ನಮ್ಮನ್ನ ಕೇಳಿದ್ದೀರಾ? ಸಿಟಿ ಮಧ್ಯದ ಆ ಗುಂಡಿಗೆ ಎಷ್ಟು ವರ್ಷ ಆಯ್ತು, ಅದನ್ನ ಕೇಳಿದ್ದೀರಾ?" ಅಪ್ಪ ರೊಟ್ಟಿ ಮುರಿಯುತ್ತಾ ಸುಮ್ಮನಿದ್ದರು. ಗುಂಡಿ ಅಂದರೆ ಉತ್ಪ್ರೇಕ್ಷೆ ಅಲ್ಲ. ಶಾಪಿಂಗ್ ಮಾಲ್ ಕಟ್ಟುತ್ತೇವೆ ಅಂತ ಊರಿನ ನಟ್ಟನಡುವೆ ಕಟ್ಟಡ ಒಡೆದು, ಅಗೆದು, ದುಡ್ಡಿಲ್ಲ ಅಂತ ಬಿಟ್ಟಿದ್ದ ಹಳ್ಳ. ಸುತ್ತ ಹಲಗೆ ಹೊಡೆದಿದ್ದರು. ದಿನಾ ಅದನ್ನು ಬಳಸಿಕೊಂಡೇ ಬಸ್ಸಿಗೆ ಹೋಗುತ್ತಿದ್ದೆ.

ಗ್ಯಾಲೋವೇ ಆ ಸಿಟ್ಟನ್ನೂ ಎತ್ತಿಕೊಂಡರು, ಇರಾಕ್-ಅಫ್ಘಾನಿಸ್ತಾನದ ಸಿಟ್ಟನ್ನೂ. ಮಾರ್ಚ್ 29ರಂದು 10,140 ಓಟಿನಿಂದ ಗೆದ್ದು, ಅರಬ್ ವಸಂತದ ಹಾಗೆ ಇದು 'ಬ್ರಾಡ್‌ಫರ್ಡ್ ವಸಂತ' ಅಂದರು. ಮೂರು ವರ್ಷಕ್ಕೆ, 2015ರಲ್ಲಿ, ಲೇಬರ್‌ನ ನಾಜ್ ಶಾ ಗ್ಯಾಲೋವೇ ಅವರನ್ನು 11,420 ಓಟಿನಿಂದ ಸೋಲಿಸಿ ಮನೆಗೆ ಕಳಿಸಿದರು. ಆ ಪ್ರಚಾರ ಹೊಲಸಾಗಿತ್ತು. ಹದಿನೈದರಲ್ಲಿ ತನಗೆ ಬಲವಂತದ ಮದುವೆ ಆಯಿತು ಅಂದ ಹೆಣ್ಣುಮಗಳಿಗೆ, ನಿಮ್ಮ ನಿಕಾಹ್ ಕಾಗದದಲ್ಲಿ ವಯಸ್ಸು ಬೇರೆ ಇದೆ ಅಂತ ಗ್ಯಾಲೋವೇ ಸಾರ್ವಜನಿಕವಾಗಿ ವಾದಕ್ಕೆ ಇಳಿದರು. ನನಗಿದ್ದ ಅಲ್ಪಸ್ವಲ್ಪ ಅಭಿಮಾನ ಅಲ್ಲಿಗೆ ಇಳಿದುಹೋಯಿತು. ಗುಂಡಿ ಮುಚ್ಚಿ ಮಾಲ್ ಬಾಗಿಲು ತೆರೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅವರು ಲಂಡನ್ ಮೇಯರ್ ಸ್ಥಾನಕ್ಕೆ ಹೊರಟಿದ್ದರು, ಅಲ್ಲಿ ಶೇ 2ರಷ್ಟು ಓಟೂ ಬರಲಿಲ್ಲ.

ಲೇಬರ್ ಬಿಟ್ಟ ಮೇಲೆ ಮೂರು ಕ್ಷೇತ್ರ ಗೆದ್ದಿದ್ದಾರೆ, ಒಂದನ್ನೂ ಎರಡನೇ ಸಲ ಗೆದ್ದಿಲ್ಲ. ಮೂರನೆಯದು ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್, 2024ರ ಫೆಬ್ರವರಿ 29. ಗಾಜಾ ವಿಷಯದಲ್ಲಿ ಲೇಬರ್ ತನ್ನ ಅಭ್ಯರ್ಥಿಯನ್ನೇ ಕೈಬಿಟ್ಟಿತ್ತು. ಗೆದ್ದ ಕೂಡಲೇ ಗ್ಯಾಲೋವೇ, ಲೇಬರ್ ನಾಯಕನ ಹೆಸರು ಹಿಡಿದು, "ಕೀರ್ ಸ್ಟಾರ್ಮರ್, ಇದು ಗಾಜಾಗಾಗಿ" ಅಂದರು. ಮಾರ್ಚ್ 1ರ ಸಂಜೆ ಆಗಿನ ಪ್ರಧಾನಿ ರಿಷಿ ಸುನಕ್ ಡೌನಿಂಗ್ ಸ್ಟ್ರೀಟಿನ ಬಾಗಿಲಲ್ಲಿ ನಿಂತು ಈ ಫಲಿತಾಂಶ ಕಳವಳಕಾರಿ ಅಂತ ದೇಶಕ್ಕೇ ಭಾಷಣ ಮಾಡಿದರು.

ಆ ಬೆಳಿಗ್ಗೆ ಮಾಲೀಕರ ಮಗನಿಂದ ವಾಟ್ಸಾಪ್ ಬಂತು. ಈಗ ಅವನಿಗೂ ಮೂವತ್ತು ದಾಟಿದೆ. "ಟೋಪಿಯವರು ಮತ್ತೆ ಗೆದ್ರು. ರಾಚ್‌ಡೇಲಲ್ಲಿ ಯಾವ ಗುಂಡಿ ಇದೆಯೋ." ಟೋಪಿ ಅಂದರೆ ಗ್ಯಾಲೋವೇ ತಲೆ ಮೇಲಿನ ಹ್ಯಾಟು. ಜುಲೈ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸೋತ ದಿನ ಅವನಿಂದ ಏನೂ ಬರಲಿಲ್ಲ. ನಾನೇ ಫಲಿತಾಂಶದ ಲಿಂಕ್ ಕಳಿಸಿದೆ. ಒಂದು ಬೆಕ್ಕಿನ ಇಮೋಜಿ ಬಂತು.