ಪ್ರತಿಕ್ರಿಯೆ: ವೀಸಾ ಮುಗಿದಿದ್ದರೂ ಮಗುವನ್ನು ಶಾಲೆಗೆ ಸೇರಿಸಬಹುದು
ಟೆಕ್ಸಾಸ್‌ನಲ್ಲಿರುವ ತಂಗಿಯ ಕುಟುಂಬದ ವೀಸಾ ಮುಗಿದಿದೆ, ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿದರೆ ವಲಸೆ ಅಧಿಕಾರಿಗಳಿಗೆ ಸುದ್ದಿ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸೇರಿಸಲಿ. ವಲಸೆ ಸ್ಥಿತಿಯ ನೆಪದಲ್ಲಿ ಶಾಲೆ ಬಾಗಿಲು ಮುಚ್ಚುವಂತಿಲ್ಲ. ಹಾಗೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪು ಬಂದದ್ದೇ ಟೆಕ್ಸಾಸ್ ಕಾನೂನಿನ ವಿರುದ್ಧ. ವಾಸ, ವಯಸ್ಸು, ಲಸಿಕೆಗಳ ಪುರಾವೆ ಕೇಳಬಹುದು.

ನನ್ನ ಚಿಂತೆ ದಾಖಲೆಗಳದ್ದು. ಕೋರ್ಟ್ ಆದೇಶದಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಫೆರ್ಪಾ ಎಂಬ, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ ಕಾನೂನಿನಡಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿನ ಕಡತ ಹೊರಗೆ ಕೊಡುವಂತಿಲ್ಲ. ಆದರೆ ಒಪ್ಪಿಗೆ ಕೇಳದೆಯೇ ಶಾಲೆ ಹೊರಗೆ ಕೊಡಬಹುದಾದ ‘ಡೈರೆಕ್ಟರಿ ಮಾಹಿತಿ’ ಎಂಬ ಕಿಂಡಿಯೊಂದಿದೆ. ಹೆಸರು, ವಿಳಾಸ, ಫೋನ್ ಮಾತ್ರವಲ್ಲ, ಹುಟ್ಟಿದ ಊರೂ ಅದರಲ್ಲಿ ಸೇರಬಹುದು! ವರ್ಷಾರಂಭದ ಕಾಗದಗಳ ರಾಶಿಯಲ್ಲಿ ಅದರ ಸೂಚನೆ ಇರುತ್ತದೆ. ಹೆಚ್ಚಿನವರು ಓದುವುದೇ ಇಲ್ಲ. ಗಡುವಿನೊಳಗೆ ‘ಬೇಡ’ ಎಂದು ಬರೆದುಕೊಟ್ಟು ಪ್ರತಿ ಇಟ್ಟುಕೊಳ್ಳಲಿ.

2025ರ ಜನವರಿಯಲ್ಲಿ ಶಾಲೆಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಮಿತಿ ಹಾಕಿದ್ದ ರಕ್ಷಣಾ ನೀತಿ ರದ್ದಾದದ್ದು ನಿಜ. ಆದರೂ ಐಸ್ (ವಲಸೆ ಕಾನೂನು ಜಾರಿ ಸಂಸ್ಥೆ) ಅಧಿಕಾರಿಯೇ ಸಹಿ ಹಾಕಿದ ವಾರಂಟ್ ತೋರಿಸಿ ತರಗತಿಯೊಳಗೆ ಬಿಡಿ ಎಂದು ಒತ್ತಾಯಿಸಲಾಗದು; ನ್ಯಾಯಾಧೀಶರ ಸಹಿ ಬೇಕು. ಮುಂಬಾಗಿಲ ಸಿಬ್ಬಂದಿಗೆ ಈ ವ್ಯತ್ಯಾಸ ತಿಳಿದಿದೆಯೇ, ಅಂಥ ಕಾಗದ ಬಂದರೆ ಯಾರಿಗೆ ಕರೆ ಮಾಡುತ್ತಾರೆ ಎಂಬುದನ್ನು ಪೋಷಕರ ಸಂಘದ ಮೂಲಕ ಕೇಳಿಸಿ. ತಂಗಿಯೇ ಹೋಗಿ ಕೇಳುವುದು ಬೇಡ, ತನ್ನ ಸ್ಥಿತಿಯನ್ನು ಯಾರಲ್ಲೂ ಹೇಳಿಕೊಳ್ಳುವುದೂ ಬೇಡ. ತುರ್ತು ಸಂಪರ್ಕದ ಪಟ್ಟಿಯಲ್ಲಿ ಮಾತ್ರ, ಮಗುವನ್ನು ಕರೆದೊಯ್ಯಬಲ್ಲ ಅಮೆರಿಕದ ಪೌರತ್ವವುಳ್ಳ ಸ್ನೇಹಿತರೊಬ್ಬರ ಹೆಸರನ್ನು ಈಗಲೇ ಸೇರಿಸಲಿ.