ಘಾಟಿ ಇಳಿಯುವಾಗ ಹಳೇ ಜೀಪಿನ ಬ್ರೇಕ್ ಪೆಡಲ್ ಮೆತ್ತಗಾಗುವುದೇಕೆ?

ನಿಮ್ಮ ಬ್ರೇಕ್ ಆಯಿಲ್ ನೀರು ಕುಡಿದಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಪೆಡಲ್ ಸ್ಪಂಜಿನಂತಾಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಸರಿಯಾಗುತ್ತದೆ ಅಂದಿರಲ್ಲ, ಹೇಳುವುದಕ್ಕೆ ಆ ಲಕ್ಷಣವೇ ಸಾಕು.

ಪೆಡಲಿನ ಒತ್ತಡವನ್ನು ಚಕ್ರದ ತನಕ ಒಯ್ಯುವ ಬ್ರೇಕ್ ಆಯಿಲ್ ಹೆಸರಿಗಷ್ಟೇ ಎಣ್ಣೆ. ಗಾಳಿಯ ತೇವ ಹೀರುವ ಗುಣ ಅದಕ್ಕಿದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ತಿರುವು ತಿರುವಿಗೂ ಬ್ರೇಕ್ ಒತ್ತಿದಾಗ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನ ಬಿಸಿ, ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿಗೆ ತಲುಪಿ, ಆಯಿಲ್ ಅಲ್ಲೇ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು, ಡ್ರಮ್ಮಿಗೆ ಒತ್ತಿಕೊಂಡು ಗಾಡಿ ನಿಲ್ಲಿಸುವ ಬ್ರೇಕ್ ಶೂ ತನಕ ಹೋಗುವುದೇ ಇಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ.

ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ಕಥೆ, ಬ್ರೇಕ್ ಶೂ ಮೇಲೆ ಅಂಟಿಸಿದ ಉಜ್ಜುವ ಪಟ್ಟಿ, ಅಂದರೆ ಲೈನಿಂಗ್, ಕಾದು ಹಿಡಿತ ಬಿಟ್ಟಿರುತ್ತದೆ. ಮನೆ ಅಂಗಳದಲ್ಲಿ ತಣ್ಣಗಿರುವಾಗಲೂ ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕುಸಿದರೆ ಎಲ್ಲಾದರೂ ಸೋರುತ್ತಿದೆಯಾ ನೋಡಿ; ಸೋರಿಕೆ ಕಾಣದಿದ್ದರೆ ಸಾಮಾನ್ಯವಾಗಿ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿರುತ್ತದೆ.

ಹಳೇ ಆಯಿಲ್ ಪೂರ್ತಿ ತೆಗೆಸಿ, ಹೊಸದು ಹಾಕಿಸಿ, ನಾಲ್ಕೂ ಚಕ್ರದ ಬ್ರೇಕಿನಲ್ಲಿ, ಟೈರಿನಲ್ಲಲ್ಲ, ಆಯಿಲ್ ಜೊತೆ ಸೇರಿದ ಗಾಳಿ ಹೊರಗೆ ತೆಗೆಸಿ. ನನ್ನ ಜೀಪಿನಿಂದ ಹೊರಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿತ್ತು. ಹೋದ ವರ್ಷ ಅರ್ಧ ಬಳಸಿ ಅಟ್ಟದ ಮೇಲಿಟ್ಟ ಡಬ್ಬಿ ಮಾತ್ರ ಬೇಡ, ಅದೂ ನೀರು ಕುಡಿದಿರುತ್ತದೆ. ಅಲ್ಲಿಯವರೆಗೆ ಘಾಟಿಗೆ ಇಳಿಸಲೇಬೇಡಿ.